ಫ್ಲೂ ಜೋರಾದಾಗ ಎನ್‌ಐವಿಗೆ ಸ್ವಾಬ್ ಕಳಿಸುವುದು ಹೇಗೆ

ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಯ ಆಸ್ಪತ್ರೆಗಳಿಗೆ ಲ್ಯಾಬ್ ಟೆಕ್ನಿಷಿಯನ್ ಆಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮೂಗಿನಿಂದ ನೀವು ತೆಗೆಯದ ವೈರಸ್ಸನ್ನು ಯಾವ ಮಷೀನೂ ಹುಡುಕಿಕೊಡುವುದಿಲ್ಲ.

ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಲಜಿ ಸಂಸ್ಥೆ, 1952ರಿಂದ ಇಲ್ಲಿ ಪುಣೆಯಲ್ಲಿದೆ. ನಮ್ಮ ಶಿವಮೊಗ್ಗದ ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಪತ್ತೆ ಮಾಡಿದವರೂ ಇವರೇ. 2009ರ ಹಂದಿ ಜ್ವರದಲ್ಲಿ ದೇಶದ ಮೊದಲ ಸಾವು ಆದದ್ದು ಪುಣೆಯಲ್ಲಿ, ಆಗಸ್ಟ್ 3ಕ್ಕೆ. ಆಮೇಲೆ ನಾಯ್ಡು ಆಸ್ಪತ್ರೆ ಮುಂದೆ ಸಾಲೋ ಸಾಲು. ಕೆಮ್ಮಿದವರು, ಸೀನಿದವರು, ಸುಮ್ನೆ ಹೆದರಿದವರು, ಎಲ್ಲರಿಗೂ ಟೆಸ್ಟ್ ಬೇಕು!

ಹಾಗಾಗಿ ಮೊದಲ ಕೆಲಸ, ಯಾರ ಸ್ವಾಬ್ ಬೇಡ ಅಂತ ತೀರ್ಮಾನಿಸುವುದು. ಆಗ ಸರ್ಕಾರ ರೋಗಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿತು. ಸಾದಾ ಜ್ವರ, ಗಂಟಲು ನೋವಿನವರು ಎ. ಅವರು ಮನೆಯಲ್ಲೇ ಇರಬೇಕು, ಟೆಸ್ಟ್ ಇಲ್ಲ. ಉಸಿರು ಕಟ್ಟುವವರು, ಬಿಪಿ ಇಳಿದವರು, ಕಫದಲ್ಲಿ ರಕ್ತ ಬರುವವರು ಸಿ. ಅವರನ್ನು ಅಡ್ಮಿಟ್ ಮಾಡಿ, ಸ್ವಾಬ್ ತೆಗೆಯಿರಿ. ಔಷಧಿ ಮಾತ್ರ ರಿಪೋರ್ಟಿಗೆ ಕಾಯುವುದು ಬೇಡ. ಫ್ಲೂ ಔಷಧಿ ಒಸೆಲ್ಟಾಮಿವಿರ್ ಅನ್ನು ಜ್ವರ ಶುರುವಾದ ಮೊದಲ 48 ಗಂಟೆಯಲ್ಲಿ ಕೊಟ್ಟರೆ ಜಾಸ್ತಿ ಪ್ರಯೋಜನ.

ಸ್ವಾಬ್ ಪಾಲಿಯೆಸ್ಟರ್ ಅಥವಾ ನೈಲಾನ್ ತುದಿಯದ್ದು, ಪ್ಲಾಸ್ಟಿಕ್ ಕಡ್ಡಿಯದ್ದು ಇರಲಿ. ಹತ್ತಿ, ಮರದ ಕಡ್ಡಿ ಪಿಸಿಆರ್ ಅನ್ನು, ಅಂದರೆ ವೈರಸ್ಸಿನ ಜೀನ್ ಹುಡುಕುವ ಪರೀಕ್ಷೆಯನ್ನು, ಕೆಡಿಸುತ್ತವೆ. ಮೂಗಿನೊಳಗೆ ಕಡ್ಡಿ ಮೇಲಕ್ಕಲ್ಲ, ನೇರ ಹಿಂದಕ್ಕೆ ಹೋಗಬೇಕು, ಕಿವಿಯ ದಿಕ್ಕಿಗೆ. ತಡೆದಲ್ಲಿ ಕೆಲವು ಸೆಕೆಂಡ್ ಹಿಡಿದು, ತಿರುಗಿಸಿ ತೆಗೆದು ಟ್ಯೂಬಿಗೆ ಹಾಕಿ. ನಾನಂತೂ ಮೊದಲೇ ಹೇಳಿಬಿಡುತ್ತೇನೆ: “ಕಾಕಾ, ಕಣ್ಣಾಗ ನೀರು ಬರ್ತಾವ, ಸ್ವಲ್ಪ ತಡ್ಕೋರಿ.”

ಹೆಸರಿನ ವಿಷಯದಲ್ಲಿ ಹುಷಾರು. ಇಲ್ಲಿನ ಫಾರಂಗೆ ಅಡ್ಡಹೆಸರು, ಹೆಸರು, ತಂದೆಯ ಹೆಸರು ಬೇಕು. ನಮ್ಮ ಕಡೆಯ ಕೂಲಿಯವರು ಬರೀ ಬಸಪ್ಪ ಅಂತಾರೆ. ಟ್ಯೂಬಿನ ಮೇಲೊಂದು, ಫಾರಂನಲ್ಲೊಂದು ಆದರೆ ಅದು ಯಾರ ಸ್ಯಾಂಪಲ್ ಅಂತ ಲ್ಯಾಬಿನವರು ಹೇಗೆ ನಂಬಬೇಕು? ಜ್ವರ ಶುರುವಾದ ದಿನವನ್ನೂ ಬರೆಯಿರಿ.

ಟ್ಯೂಬು, ಅದರ ಹೊರಗೆ ಸೋರದ ಡಬ್ಬಿ, ಆಮೇಲೆ ಐಸ್‌ಪ್ಯಾಕ್ ಇರುವ ಗಟ್ಟಿ ಪೆಟ್ಟಿಗೆ. ಫಾರಂ ಒಳಡಬ್ಬಿಯ ಹೊರಗಿರಲಿ. 2ರಿಂದ 8 ಡಿಗ್ರಿಯಲ್ಲಿ 72 ಗಂಟೆಯೊಳಗೆ ತಲುಪಬೇಕು. ತಡವಾಗುತ್ತೆ ಅಂತ ಫ್ರಿಜ್‌ನ ಫ್ರೀಜರ್‌ಗೆ ತಳ್ಳಬೇಡಿ. ಮೈನಸ್ 20ರಲ್ಲಿ ಫ್ಲೂ ವೈರಸ್ ಹಾಳಾಗುತ್ತೆ. ಇಡಲೇಬೇಕಾದರೆ ಮೈನಸ್ 70.

ಲ್ಯಾಬಿನಲ್ಲಿ ಸುರಕ್ಷತಾ ಕ್ಯಾಬಿನೆಟ್ ಒಳಗೆ ಟ್ಯೂಬು ತೆರೆದು, ವೈರಸ್ಸಿನ ಜೀನ್ ಇರುವ ಆರ್‌ಎನ್‌ಎ ಬೇರ್ಪಡಿಸಿ ಪಿಸಿಆರ್‌ಗೆ ಹಾಕುತ್ತಾರೆ. 2009ರ ಪರೀಕ್ಷೆಯಲ್ಲಿ ಒಂದೊಂದು ಸ್ಯಾಂಪಲ್‌ಗೆ ನಾಲ್ಕು ಪ್ರಶ್ನೆ. ಇನ್‌ಫ್ಲುಯೆಂಜಾ ಎ ಇದೆಯಾ? ಹಂದಿ ಮೂಲದ್ದಾ? ಹೊಸ ಎಚ್1, ಅಂದರೆ ಆ ವರ್ಷ ಹರಡಿದ ಬಗೆ ಹೌದಾ? ನಾಲ್ಕನೆಯದು ಆರ್‌ಎನ್‌ಏಸ್ ಪಿ, ಅದು ಮನುಷ್ಯನದೇ ಜೀನ್. ನನಗೆ ಇಷ್ಟವಾದದ್ದು ಇದೇ. ಉಳಿದ ಮೂರು ಬರದೆ ಇದು ಬಂದರೆ ನೆಗೆಟಿವ್. ಇದೂ ಬರದಿದ್ದರೆ, ಸ್ವಾಬ್‌ಗೆ ಜೀವಕೋಶವೇ ಸರಿಯಾಗಿ ಅಂಟಿಲ್ಲದಿರಬಹುದು. ಅದನ್ನು ನೆಗೆಟಿವ್ ಅನ್ನುವಂತಿಲ್ಲ.

ಕೆಲವು ಪಾಸಿಟಿವ್‌ಗಳಿಂದ ವೈರಸ್ ಬೆಳೆಸಿ, ರೂಪ ಬದಲಾಗಿದೆಯಾ, ಒಸೆಲ್ಟಾಮಿವಿರ್‌ಗೆ ಬಗ್ಗುತ್ತಾ ಅಂತಲೂ ನೋಡುತ್ತಾರೆ. ಅದಕ್ಕೆ ವೈರಸ್ ಜೀವಂತ ಬೇಕು, ಪೆಟ್ಟಿಗೆ ತಣ್ಣಗೆ ಬರಬೇಕು.

ಇನ್ನೊಂದು ಸ್ವಾಬ್ ಕಳಿಸಿ ಅಂತ ಫೋನ್ ಬಂದರೆ ವಾದ ಮಾಡಬೇಡಿ, ಅವತ್ತೇ ತೆಗೆಯಿರಿ. ರೋಗಿ ವೆಂಟಿಲೇಟರ್ ಮೇಲಿದ್ದರೆ ಮೂಗಿನದ್ದರ ಜೊತೆಗೆ ಶ್ವಾಸನಾಳದ ಕಫವನ್ನೂ ಕಳಿಸಿ. ಅಷ್ಟು ಹೊತ್ತಿಗೆ ವೈರಸ್ ಮೂಗು ಬಿಟ್ಟು ಕೆಳಗೆ ಇಳಿದಿರಬಹುದು.