ವೀಲ್‌ಚೇರ್, ಮಕ್ಕಳ ತಳ್ಳುಗಾಡಿ ಇದ್ದರೆ ಪಾರ್ಕಿಗೆ ಹೊರಡುವ ಮುನ್ನ

ಅಜ್ಜ-ಅಜ್ಜಿಯನ್ನು, ಪುಟ್ಟ ಮಕ್ಕಳನ್ನು ಒಟ್ಟಿಗೆ ಕರೆದುಕೊಂಡು ಹೋಗುವವರು ಮೊದಲ ಸಲಕ್ಕೆ ಮಂಗಳೂರಿನ ಕದ್ರಿ ಪಾರ್ಕ್ ಅಥವಾ ಮಣಿಪಾಲದ ಮಣ್ಣಪಳ್ಳ ಕೆರೆಯಂಥ ಹತ್ತಿರದ ಜಾಗ ಇಟ್ಟುಕೊಳ್ಳಿ. ಮಂಗಳೂರು ಹೊರವಲಯದ ಪಿಲಿಕುಳ ನಿಸರ್ಗಧಾಮ ತುಂಬ ದೊಡ್ಡದು. ಮೃಗಾಲಯ, ಕೆರೆ, ವಿಜ್ಞಾನ ಕೇಂದ್ರ ಎಲ್ಲ ಒಂದೇ ದಿನ ಬೇಡ, ಒಂದನ್ನು ಆರಿಸಿ.

ಗೇಟಿನ ಅಗಲ ಮುಖ್ಯ. ಸಾಮಾನ್ಯ ವೀಲ್‌ಚೇರ್ 65ರಿಂದ 70 ಸೆಂ.ಮೀ. ಅಗಲ ಇರುತ್ತದೆ, ತಿರುಗುವ ಗೇಟಿನಲ್ಲಿ ಹೋಗುವುದಿಲ್ಲ. ಪಕ್ಕದ ದೊಡ್ಡ ಗೇಟು ತೆಗೆಸಲು ಕಾವಲುಗಾರರನ್ನು ಕೇಳಿ, ಸಂಕೋಚ ಬೇಡ.

ನಮ್ಮ ಕರಾವಳಿಯಲ್ಲಿ ನಿಜವಾದ ತೊಂದರೆ ಇಳಿಜಾರು ಮತ್ತು ಪಾಚಿ. 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ ಕನಿಷ್ಠ 180 ಸೆಂ.ಮೀ. ಉದ್ದದ ರ‍್ಯಾಂಪ್ ಬೇಕು. ಅದಕ್ಕಿಂತ ಕಡಿದಾಗಿದ್ದರೆ ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ, ನೀವು ಕೆಳಗಿನ ಬದಿಯಲ್ಲಿ ನಿಂತು ನಿಧಾನ ಇಳಿಸಿ. ಮುಖ ಕೆಳಗೆ ಮಾಡಿ ಬಿಟ್ಟರೆ ಕೂತವರು ಮುಂದಕ್ಕೆ ಜಾರುತ್ತಾರೆ. ಮಳೆಗಾಲದಲ್ಲಿ ಮರದಡಿಯ ಇಂಟರ್‌ಲಾಕ್ ನೆಲಹಾಸಿನ ಮೇಲೆ ಕಪ್ಪು-ಹಸಿರು ಪೊರೆ ಕಟ್ಟಿರುತ್ತದೆ. ಅಲ್ಲಿ ಮೊದಲು ಜಾರುವುದು ತಳ್ಳುವವರ ಚಪ್ಪಲಿ. ಹಿಡಿತವಿರುವ ಶೂ ಹಾಕಿ. ಬಿಸಿಲು ಬೀಳುವ ಕಡೆಯೇ ತಳ್ಳಿ.

ಪಣಂಬೂರು, ತಣ್ಣೀರುಬಾವಿ ಬೀಚ್‌ಗಳ ಒಣ ಮರಳಿನಲ್ಲಿ ಮುಂದಿನ ಸಣ್ಣ ಗಾಲಿ ಹೂತುಹೋಗುತ್ತದೆ. ಒತ್ತಿ ತಳ್ಳಬೇಡಿ, ಕುರ್ಚಿ ಮಗುಚೀತು. ತಿರುಗಿಸಿ ಹಿಂದಕ್ಕೆ ಎಳೆಯಿರಿ.

ಸೆಕೆಗೆ ಬೆಳಿಗ್ಗೆ 9ರೊಳಗೆ ಮುಗಿಸಿದರೆ ಒಳ್ಳೆಯದು. ತಲಾ 1 ಲೀಟರ್ ನೀರು, ಕೊಡೆ, ಒಂದು ಜೊತೆ ಬಟ್ಟೆ ಇರಲಿ. ಶೌಚಾಲಯಕ್ಕೆ ಮೆಟ್ಟಿಲು ಇದೆಯೇ ಎಂದು ಟಿಕೆಟ್ ತೆಗೆಯುವಾಗಲೇ ವಿಚಾರಿಸಿ.