ಅಜ್ಜನ ಕಾಲದ ಕ್ಷೌರದ ಕತ್ತಿ ಇದ್ದರೆ ಎಸೆಯಬೇಡಿ

ಕಾರವಾರ, ಕುಮಟಾ ಕಡೆ ಹಳೇ ಮನೆ ಅಟ್ಟದಲ್ಲಿ ಮಡಚುವ ಕ್ಷೌರದ ಕತ್ತಿ ಸಿಕ್ಕಿದರೆ ತುಕ್ಕು ನೋಡಿ ಎಸೆಯಬೇಡಿ, ಸಾಣೆ ಚಕ್ರಕ್ಕಂತೂ ಕೊಡಲೇಬೇಡಿ. ಚಕ್ರದ ಬಿಸಿಗೆ ಉಕ್ಕಿನ ಹದ ಹೋದರೆ ಆಮೇಲೆ ಹರಿತ ನಿಲ್ಲುವುದಿಲ್ಲ. ಶೆಫೀಲ್ಡ್, ಸೋಲಿಂಗೆನ್ ಅಂತ ಕೆತ್ತಿದ್ದು ಕಂಡರೆ ಖುಷಿಪಡಿ, ಕ್ಷೌರದ ಕತ್ತಿಗೆ ಹೆಸರಾದ ಊರುಗಳು ಅವು.

ಮೊದಲು ಭೂತಗನ್ನಡಿ ಹಿಡಿದು ನೋಡಿ. ಕತ್ತಿಯ ಬಾಯಲ್ಲಿ, ಅಂದರೆ ಹರಿತದ ಅಂಚಿನಲ್ಲಿ, ಬಿರುಕಿದ್ದರೆ ಅದು ನೆನಪಿಗೆ ಮಾತ್ರ, ಮುಖಕ್ಕೆ ಬೇಡ. ಮೇಲಿನ ತುಕ್ಕಾದರೆ ಎಣ್ಣೆ ಹಚ್ಚಿಟ್ಟು, ಲೋಹದ ಪಾಲಿಶ್‌ನಿಂದ ಬೆನ್ನಿನಿಂದ (ದಪ್ಪ ಅಂಚಿನಿಂದ) ಬಾಯಿಯ ಕಡೆಗೆ ನಿಧಾನವಾಗಿ ಒರೆಸಿ.

ಮಸೆಯುವುದೇ ನಿಜವಾದ ಕೆಲಸ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗಿರಬೇಕು, ಕೋನ ಕಾಯುವುದೇ ಆ ಬೆನ್ನು, ಹಾಗಾಗಿ ಅಡುಗೆಮನೆ ಚಾಕುವಿನಂತೆ ಎತ್ತಿ ಮಸೆಯಬೇಡಿ. 1000 ನಂಬರಿನ ಕಲ್ಲಿನಿಂದ ಶುರು ಮಾಡಿ, 4000 ದಾಟಿ, 8000 ಅಥವಾ ಇನ್ನೂ ನಯವಾದದ್ದಕ್ಕೆ ಹೋಗಿ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆಯಿರಿ, ಅಲ್ಲಿ ಬೆನ್ನು ಮುಂದೆ ಬಾಯಿ ಹಿಂದೆ, ಇಲ್ಲದಿದ್ದರೆ ಪಟ್ಟಿ ಸೀಳುತ್ತದೆ.

ಮೊದಲ ಸಲ ಕೆನ್ನೆ ಮಾತ್ರ, ಸುಮಾರು 30 ಡಿಗ್ರಿ ಓರೆ ಸಾಕು. ಗದ್ದ, ಕುತ್ತಿಗೆಗೆ ಅವಸರ ಬೇಡ. ನಮ್ಮ ಮಳೆಗಾಲದಲ್ಲಿ ಬಚ್ಚಲಲ್ಲಿಟ್ಟರೆ ಬೇಗ ತುಕ್ಕು ಬರುತ್ತದೆ. ಒರೆಸಿ, ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿ, ಒಣಗಿದ ಕಡೆ ಇಡಿ.