ವೇಷ ಹಿನ್ನೆಲೆಯಲ್ಲಿ ಮುಳುಗುತ್ತಿತ್ತು: ಕೃತಾದಲ್ಲಿ ಸರಿಯಾದದ್ದು ಹೀಗೆ

ಬಡಗುತಿಟ್ಟು ಯಕ್ಷಗಾನದ ವೇಷವೊಂದನ್ನು ಕೃತಾದಲ್ಲಿ (Krita, ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ಸಾಫ್ಟ್‌ವೇರ್) ಬಿಡಿಸುತ್ತಿದ್ದೆ. ಕ್ಯಾನ್ವಾಸ್ 3000 ಪಿಕ್ಸೆಲ್ ಅಗಲ. ಹಿಂದೆ ದೇವಸ್ಥಾನದ ಗೋಪುರ. ಮುಂಡಾಸಿನ ಅಂಚು ಗೋಪುರದ ಗೆರೆಗಳಲ್ಲಿ ಕರಗಿ, ತಲೆ ಎಲ್ಲಿ ಮುಗಿಯುತ್ತದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಹಿನ್ನೆಲೆಗೆ ಗಾಸಿಯನ್ ಬ್ಲರ್ (ಮಸುಕು ಮಾಡುವ ಫಿಲ್ಟರ್) ಹಾಕಿದೆ, ಬೇರೆ ಫೋಟೋ ಅಂಟಿಸಿದ ಹಾಗಾಯ್ತು. ವೇಷದ ಸುತ್ತ ಬಿಳಿ ಗೆರೆ ಎಳೆದರೆ ಸ್ಟಿಕ್ಕರ್. ಹಿನ್ನೆಲೆಯ ಒಪಾಸಿಟಿ ಇಳಿಸಿ ತೆಳುವಾಗಿಸಿದರೂ ಗೆರೆಗಳು ಹಾಗೇ ಉಳಿದವು.

ಕೆಲಸ ಮಾಡಿದ್ದು ಇದು. ಮೊದಲು ಪರೀಕ್ಷೆಗೆ, ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ (ಪದರ) ಇಟ್ಟು, ಅದರ ಬ್ಲೆಂಡಿಂಗ್ ಮೋಡ್ (ಕೆಳಗಿನ ಪದರಗಳೊಂದಿಗೆ ಬೆರೆಯುವ ರೀತಿ) 'ಕಲರ್' ಮಾಡಿ. ಚಿತ್ರ ಪೂರ್ತಿ ಬೂದು ಕಾಣುತ್ತದೆ. ನನ್ನ ಕೆಂಪು ಮುಂಡಾಸು, ಹಸಿರು ಗೋಪುರ ಎರಡೂ ಒಂದೇ ಬೂದು! ತಪ್ಪು ಇದ್ದದ್ದು ಬಣ್ಣದಲ್ಲಿ ಅಲ್ಲ, ಬೆಳಕು-ನೆರಳಲ್ಲಿ.

ಆಮೇಲೆ ಗೋಪುರವನ್ನು 300 ಪಿಕ್ಸೆಲ್ ಬ್ರಷ್‌ನಲ್ಲಿ, ಮೂರೇ ಛಾಯೆಯಲ್ಲಿ, ಗೆರೆಯಿಲ್ಲದೆ ಮತ್ತೆ ಬಳಿದೆ. ಜೂಮ್ ಮಾಡಲೇಬೇಡಿ, ಮಾಡಿದರೆ ಕೈ ಸುಮ್ನೆ ಕೂರಲ್ಲ. ಕೊನೆಗೆ ಹಿನ್ನೆಲೆ ಗ್ರೂಪ್‌ಗೆ ಮಾತ್ರ ಲೆವೆಲ್ಸ್ ಫಿಲ್ಟರ್ ಮಾಸ್ಕ್ (ಬೆಳಕು-ನೆರಳಿನ ಮಟ್ಟ ಬದಲಿಸುವ ಪದರ): ಔಟ್‌ಪುಟ್ 0–255 (0 ಕಪ್ಪು, 255 ಬಿಳಿ) ಇದ್ದದ್ದನ್ನು 120–200 ಮಾಡಿದೆ. ಕಡು ಕಪ್ಪು, ಅಚ್ಚ ಬಿಳಿ ಎರಡೂ ವೇಷಕ್ಕೇ ಮೀಸಲು.

ಈ ಕ್ರಮ ಮುಖ್ಯ. ಲೆವೆಲ್ಸ್ ಮೊದಲು ಹಾಕಿದರೆ ಗೆರೆಗಳು ಮಸುಕಾಗುತ್ತವೆ ಅಷ್ಟೇ, ಹೋಗುವುದಿಲ್ಲ. ವಿವರ ಬೇಕೆನಿಸಿದರೆ ಒಂದೇ ಕಡೆ ಇಡಿ. ನಾನು ಮುಖದ ಪಕ್ಕ ಒಂದು ದೀಪ ಮಾತ್ರ ಉಳಿಸಿದೆ.